ಉಗುರು ಕಚ್ಚುವವರಿಗೆ ಅಕ್ರಿಲಿಕ್: ಹಳೆಯದನ್ನು ತೆಗೆಯುವುದು ಹೇಗೆ, ಹೊಸದನ್ನು ಕೂರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ಉಗುರು ಕಚ್ಚುವ ಕ್ಲೈಂಟ್ ಒಬ್ಬರಿದ್ದಾರೆ. ಹಾಕಿಸಿಕೊಂಡಿದ್ದ ಅಕ್ರಿಲಿಕ್‌ನಲ್ಲಿ (ಲಿಕ್ವಿಡ್ ಮತ್ತು ಪುಡಿ ಬೆರೆಸಿ ಮಾಡುವ ಕೃತಕ ಉಗುರು) ನಾಲ್ಕನ್ನು ಹಲ್ಲಿನಿಂದಲೇ ಕಿತ್ತುಕೊಂಡಿದ್ದಾರೆ, ಉಳಿದ ಆರು ಬುಡದಲ್ಲಿ ಎದ್ದು ನಿಂತಿವೆ. ಎಲ್ಲ ತೆಗೆದು ಹೊಸ ಸೆಟ್ ಹಾಕಿ ಅನ್ನುತ್ತಿದ್ದಾರೆ. ಉಗುರು ತೀರಾ ಗಿಡ್ಡ, ಬೆರಳ ತುದಿಯ ಮಾಂಸ ಉಗುರಿಗಿಂತ ಮೇಲಕ್ಕೆ ಉಬ್ಬಿದೆ, ಫಾರ್ಮ್ (ಉದ್ದ ಕಟ್ಟಲು ಉಗುರಿನ ತುದಿಯ ಕೆಳಗೆ ತೂರಿಸುವ ಅಚ್ಚು) ಕೂರುವುದೇ ಇಲ್ಲ. ಉಗುರಿಗೆ ಪೆಟ್ಟಾಗದಂತೆ ತೆಗೆಯುವುದು ಹೇಗೆ? ಅದೇ ದಿನ ಹೊಸದು ಹಾಕಬಹುದಾ? ಫಾರ್ಮ್‌ಗೆ ಏನು ಮಾಡಲಿ?

ಉತ್ತರ (ನೇಲ್ ಟೆಕ್ನಿಷಿಯನ್, ತರಬೇತುದಾರರು)

ಮೊದಲು ಕೈ ತೊಳೆಸಿ, ಒಳ್ಳೆಯ ಬೆಳಕಿನಲ್ಲಿ ಹತ್ತೂ ಬೆರಳು ನೋಡಿ. ಕಚ್ಚುವವರಲ್ಲಿ ಉಗುರಿನ ಪಕ್ಕದ ಚರ್ಮ ಸಿಬಿರೆದ್ದು ಹರಿದಿರುತ್ತದೆ. ಉಗುರುಸುತ್ತು ಆಗಿ ಊದಿಕೊಂಡಿದ್ದರೆ, ಕೀವು ಕಂಡರೆ, ಮುಟ್ಟಿದರೆ ನೋವು ಅಂದರೆ ಆ ಬೆರಳಿಗೆ ಕೆಲಸ ಮಾಡಬೇಡಿ, ಡಾಕ್ಟರ್ ಹತ್ತಿರ ಕಳಿಸಿ. ಉಗುರಿನ ಸುತ್ತ ನರಹುಲಿ ಇದ್ದರೂ ಅಷ್ಟೇ. ಕಚ್ಚುವುದರಿಂದ ಅದು ಬೆರಳಿಂದ ಬೆರಳಿಗೆ ಹರಡುತ್ತದೆ, ನಿಮ್ಮ ಫೈಲ್ ಕೂಡ ಹರಡಬಹುದು.

ಇನ್ನು ತೆಗೆಯುವ ಕೆಲಸ. ಉದ್ದ ಇದ್ದರೆ ಕತ್ತರಿಸಿ, ಆದರೆ ಬುಡದಲ್ಲಿ ಎದ್ದಿರುವುದನ್ನು ನಿಪ್ಪರ್‌ನಿಂದ ಕಚ್ಚಿ ಎಳೆಯಬೇಡಿ. ಅಂಟಿರುವ ಭಾಗಕ್ಕೂ ಆ ಸೀಳು ಓಡಿ ಉಗುರಿನ ಪದರ ಜೊತೆಗೇ ಎದ್ದು ಬರುತ್ತದೆ. 100 ಗ್ರಿಟ್ (ಫೈಲಿನ ಒರಟುತನದ ಅಳತೆ, ಅಂಕಿ ಹೆಚ್ಚಿದಷ್ಟು ನುಣುಪು) ಫೈಲ್‌ನಿಂದ ಮೇಲಿನ ದಪ್ಪ ಇಳಿಸಿ, ತೆಳುವಾದ ಮೇಲೆ 180ಕ್ಕೆ ಬನ್ನಿ. ಉಗುರಿನ ಮೇಲೆ ತೆಳ್ಳನೆಯ ಪದರ ಉಳಿಯುವಲ್ಲಿಗೆ ನಿಲ್ಲಿಸಿ. ಡ್ರಿಲ್ ಬಳಸುವುದಾದರೂ ಇದೇ ಲೆಕ್ಕ, ಅಸಲಿ ಉಗುರಿನವರೆಗೆ ಬಿಟ್ ಇಳಿಯಕೂಡದು. ಟಾಪ್ ಕೋಟ್ ಪೂರ್ತಿ ಹೋಗಿರಬೇಕು. ಅದು ಉಳಿದರೆ ಅಸಿಟೋನ್ ಒಳಗೆ ಇಳಿಯುವುದಿಲ್ಲ, ಅರ್ಧ ಗಂಟೆ ಸುಮ್ಮನೆ ಹಾಳಾಗುತ್ತದೆ.

ಸುತ್ತಲ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹರಿದ ಚರ್ಮಕ್ಕೆ ಅಸಿಟೋನ್ ತಾಗಿದರೆ ಚುರುಚುರು ಉರಿಯುತ್ತದೆ, ಹಸಿ ಗಾಯ ಇರುವ ಬೆರಳನ್ನು ವಾಸಿಯಾಗುವ ತನಕ ಬಿಡುವುದೇ ಸರಿ. ಹತ್ತಿಯನ್ನು ಉಗುರಿನ ಅಳತೆಗಷ್ಟೇ ಹರಿದು, ಶುದ್ಧ ಅಸಿಟೋನ್‌ನಲ್ಲಿ ನೆನೆಸಿ ಉಗುರಿನ ಮೇಲಿಟ್ಟು ಫಾಯಿಲ್ ಬಿಗಿಯಾಗಿ ಸುತ್ತಿ. ಸಾಮಾನ್ಯ ಪಾಲಿಶ್ ರಿಮೂವರ್‌ನಲ್ಲಿ ನೀರು ಬೆರೆತಿರುತ್ತದೆ, ಈ ಕೆಲಸಕ್ಕೆ ಸಾಲದು. 20 ನಿಮಿಷ ಬಿಟ್ಟು ಒಂದೇ ಬೆರಳು ಬಿಚ್ಚಿ ನೋಡಿ. ಅಕ್ರಿಲಿಕ್ ಮೆತ್ತಗಾಗಿ ಮುದ್ದೆಯಂತಿದ್ದರೆ ಕಿತ್ತಳೆ ಮರದ ಕಡ್ಡಿಯಿಂದ ಬುಡದಿಂದ ತುದಿಯ ಕಡೆಗೆ ಹಗುರವಾಗಿ ತಳ್ಳಿ. ತಡೆಯುತ್ತಿದೆ ಅನ್ನಿಸಿದ ಕ್ಷಣವೇ ಕೈ ನಿಲ್ಲಿಸಿ, ಹೊಸ ಹತ್ತಿ ಇಟ್ಟು ಮತ್ತೆ 5ರಿಂದ 10 ನಿಮಿಷ ಸುತ್ತಿ. ಹತ್ತೂ ಫಾಯಿಲ್ ಒಟ್ಟಿಗೆ ಬಿಚ್ಚಬೇಡಿ, ಗಾಳಿ ತಾಗಿದರೆ ಮೆತ್ತಗಾದದ್ದು ಕ್ಷಣದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಬೇಗ ಆಗಲಿ ಅಂತಿದ್ದರೆ ಫಾಯಿಲ್ ಮೇಲೆ ಬಿಸಿ ಟವೆಲ್ ಸುತ್ತಿ. ಅಸಿಟೋನ್ ಅನ್ನೇ ಬಿಸಿ ಮಾಡುವುದು ಬೇಡವೇ ಬೇಡ, ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ.

ತೆಗೆದಾದ ಮೇಲೆ 240 ಗ್ರಿಟ್ ಬಫರ್‌ನಿಂದ ಎರಡು ಕೈ ಆಡಿಸಿದರೆ ಸಾಕು. ಉಗುರು ಬೆಳ್ಳಗೆ ಒಣಗಿದಂತೆ ಕಂಡರೆ ಗಾಬರಿ ಬೇಡ, ಅಸಿಟೋನ್ ಎಣ್ಣೆಯಂಶ ಎಳೆದಿರುತ್ತದೆ. ಕೈ ತೊಳೆಸಿ ಕ್ಯೂಟಿಕಲ್‌ಗೆ, ಅಂದರೆ ಉಗುರಿನ ಬುಡದ ತೆಳು ಚರ್ಮಕ್ಕೆ, ಕ್ಯೂಟಿಕಲ್ ಆಯಿಲ್ ಹಚ್ಚಿ. ಅದೇ ದಿನ ಹೊಸದು ಹಾಕುವುದಾದರೆ ಆಯಿಲ್ ಬೇಡ.

ಅದೇ ದಿನವೇ ಹಾಕಬಹುದಾ ಅಂದಿರಿ. ಕಡ್ಡಿಯಿಂದ ತೆಗೆದ ಆರು ಉಗುರು ಗಟ್ಟಿಯಾಗಿದ್ದರೆ, ಕೆಂಪು ಇಲ್ಲದಿದ್ದರೆ ಹಾಕಬಹುದು. ಹಲ್ಲಿನಿಂದ ಕಿತ್ತ ನಾಲ್ಕರ ಮಾತೇ ಬೇರೆ, ಅಲ್ಲಿ ಉಗುರಿನ ಪದರವೇ ಹೋಗಿರುತ್ತದೆ. ಒತ್ತಿ ನೋಡಿ. ನೋವು ಇದ್ದರೆ, ಉಗುರು ಕಾಗದದ ಹಾಗೆ ಬಾಗಿದರೆ ಅಥವಾ ಕೆಂಪು ಪಟ್ಟೆ ಕಂಡರೆ ಆ ಬೆರಳು ಖಾಲಿ ಇರಲಿ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಹಿಡಿಯುತ್ತದೆ ಅಂತ ಕ್ಲೈಂಟ್‌ಗೆ ಮೊದಲೇ ತಿಳಿಸಿ.

ಮರುಪ್ರಶ್ನೆ

ತುಂಬಾ ಉಪಕಾರ ಮೇಡಂ. ಎರಡು ಬೆರಳಲ್ಲಿ 40 ನಿಮಿಷ ಆದರೂ ಅಕ್ರಿಲಿಕ್ ಅಲ್ಲಾಡುತ್ತಿಲ್ಲ. ಒಂದು ಬೆರಳಲ್ಲಿ ಎದ್ದ ಜಾಗದ ಕೆಳಗೆ ಹಸಿರು ಕಲೆ ಇದೆ.

ಉತ್ತರ (ಅದೇ ತರಬೇತುದಾರರು)

ಕರಗದೇ ಇರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಅದು ಲ್ಯಾಂಪ್ ಬೆಳಕಿಗೆ ಗಟ್ಟಿಯಾಗುವ ಹಾರ್ಡ್ ಜೆಲ್ ಆಗಿರಬೇಕು; ಅದು ಅಸಿಟೋನ್‌ಗೆ ಕರಗುವುದಿಲ್ಲ. ಇಲ್ಲವೇ ಎಂಎಂಎ, ಅಂದರೆ ಮೀಥೈಲ್ ಮೆಥಾಕ್ರಿಲೇಟ್ ಲಿಕ್ವಿಡ್‌ನಿಂದ ಮಾಡಿದ್ದು. ಈಗ ಒಳ್ಳೆಯ ಲಿಕ್ವಿಡ್‌ಗಳಲ್ಲಿ ಇರುವುದು ಇಎಂಎ, ಅಂದರೆ ಈಥೈಲ್ ಮೆಥಾಕ್ರಿಲೇಟ್. ಎಂಎಂಎ ಬಹಳ ಗಟ್ಟಿ. ಎಲ್ಲಾದರೂ ಸಿಕ್ಕಿಕೊಂಡರೆ ಅದು ಮುರಿಯುವ ಬದಲು ಅಸಲಿ ಉಗುರನ್ನೇ ಕಿತ್ತುಕೊಂಡು ಬರುತ್ತದೆ. ಎರಡರಲ್ಲಿ ಯಾವುದೇ ಆಗಿದ್ದರೂ ಇನ್ನಷ್ಟು ನೆನೆಸಿ ಪ್ರಯೋಜನವಿಲ್ಲ. ತೆಳ್ಳಗೆ ಫೈಲ್ ಮಾಡಿ, ಅಂಚು ನುಣುಪು ಮಾಡಿ, ಬೆಳೆದು ಹೋಗಲು ಬಿಡಿ.

ಹಸಿರು ಕಲೆ ಸಾಮಾನ್ಯವಾಗಿ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ್ದು. ಎದ್ದ ಜಾಗದಲ್ಲಿ ತೇವ ನಿಂತರೆ ಬೆಳೆಯುತ್ತದೆ, ಕಚ್ಚುವವರಲ್ಲಿ ಎಂಜಲಿನ ತೇವ ಬೇರೆ. ಪೂರ್ತಿ ತೆಗೆದು ಒಣಗಿಸಿ, ಅದರ ಮೇಲೆ ಏನನ್ನೂ ಹಾಕಬೇಡಿ, ಡಾಕ್ಟರ್‌ಗೆ ತೋರಿಸಲು ಹೇಳಿ. ಬಳಸಿದ ಫೈಲ್, ಕಡ್ಡಿ ಎಸೆಯಿರಿ.

ಉತ್ತರ (ಮತ್ತೊಬ್ಬ ಸದಸ್ಯರು)

ಫಾರ್ಮ್ ಕೂರದಿದ್ದರೆ ಒಂದು ಉಪಾಯ ಇದೆ ಅಕ್ಕ. ಉಗುರಿನ ತುದಿಯಲ್ಲಿ ಚಿಕ್ಕ ಬೀಡ್ (ಲಿಕ್ವಿಡ್‌ನಲ್ಲಿ ಅದ್ದಿದ ಬ್ರಷ್‌ನಿಂದ ಪುಡಿ ಎತ್ತಿಕೊಂಡ ಮೆತ್ತನೆಯ ಉಂಡೆ) ಇಟ್ಟು, ಉಬ್ಬಿದ ಮಾಂಸದ ಮೇಲಕ್ಕೂ ಸ್ವಲ್ಪ ಎಳೆದು, ಗಟ್ಟಿಯಾದ ಮೇಲೆ ಚರ್ಮದಿಂದ ಬಿಡಿಸಿದರೆ ತುದಿ ಸಿಗುತ್ತದೆ. ಅದರ ಕೆಳಗೆ ಫಾರ್ಮ್ ತೂರಿಸಬಹುದು. ಬಹಳ ಕಡೆ ಹೀಗೇ ಕಲಿಸುತ್ತಾರೆ.

ಉತ್ತರ (ತರಬೇತುದಾರರು)

ಈ ವಿಧಾನ ಚಾಲ್ತಿಯಲ್ಲಿದೆ ನಿಜ, ನಾನು ಮಾತ್ರ ಬೇಡ ಅನ್ನುತ್ತೇನೆ. ಗಟ್ಟಿಯಾಗದ ಮಾನೋಮರ್, ಅಂದರೆ ಅದೇ ಅಕ್ರಿಲಿಕ್ ಲಿಕ್ವಿಡ್, ಚರ್ಮಕ್ಕೆ ತಾಗುತ್ತಾ ಇದ್ದರೆ ಅಲರ್ಜಿ ಶುರುವಾಗಬಹುದು. ಒಮ್ಮೆ ಮೆಥಾಕ್ರಿಲೇಟ್ ಅಲರ್ಜಿ ಬಂತು ಅಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಮುಂದೆ ಹಲ್ಲಿನ ಚಿಕಿತ್ಸೆಯ ಕೆಲವು ವಸ್ತುಗಳೂ ಆಗಿಬರದೆ ಹೋಗಬಹುದು. ಈ ಕ್ಲೈಂಟ್ ಚರ್ಮ ಮೊದಲೇ ಹರಿದಿದೆ. ಜೆಲ್‌ನಲ್ಲಂತೂ ಹೀಗೆ ಮಾಡಲೇಬಾರದು.

ಅದರ ಬದಲು ಎರಡು ಹಂತದಲ್ಲಿ ಮಾಡಿ. ಮೊದಲ ದಿನ ಉದ್ದವೇ ಬೇಡ, ಇರುವ ಗಿಡ್ಡ ಉಗುರಿನ ಮೇಲೆ ತೆಳ್ಳನೆಯ ಓವರ್‌ಲೇ, ಅಂದರೆ ಅಕ್ರಿಲಿಕ್ ಹೊದಿಕೆ ಮಾತ್ರ. ಹಲ್ಲಿಗೆ ಅಸಲಿ ಉಗುರು ಸಿಗದೆ ಅದು ಸುಮ್ಮನೆ ಬೆಳೆಯುತ್ತದೆ. 10 ದಿನದಲ್ಲಿ ಹತ್ತಿರ ಹತ್ತಿರ 1 ಮಿ.ಮೀ. ತುದಿ ಬರುತ್ತದೆ, ಫಾರ್ಮ್ ಹಿಡಿಯಲು ಅಷ್ಟು ಸಾಕು.

ಓವರ್‌ಲೇಗೆ ತಯಾರಿ: ಕ್ಯೂಟಿಕಲ್ ಒಣಗಿದ್ದಾಗಲೇ ಹಿಂದೆ ಸರಿಸಿ, ಕೈ ನೆನೆಸಬೇಡಿ. ನೆನೆದ ಉಗುರು ಹಿಗ್ಗಿರುತ್ತದೆ, ಒಣಗಿ ಕುಗ್ಗುವಾಗ ಅಕ್ರಿಲಿಕ್ ಬಿಟ್ಟುಕೊಳ್ಳುತ್ತದೆ. ಹೊಳಪು ಹೋಗುವಷ್ಟು ಮಾತ್ರ 240ರಿಂದ ತಿಕ್ಕಿ, ಡಿಹೈಡ್ರೇಟರ್ (ಉಗುರಿನ ತೇವ, ಜಿಡ್ಡು ತೆಗೆಯುವ ದ್ರವ) ಹಚ್ಚಿ. ಅಕ್ರಿಲಿಕ್ ಚೆನ್ನಾಗಿ ಹಿಡಿಯಲು ಹಚ್ಚುವ ಪ್ರೈಮರ್‌ನ ಬ್ರಷ್ಷನ್ನು ಟಿಶ್ಯೂ ಮೇಲೆ ಒತ್ತಿ ಉಗುರಿನ ನಡುವೆ ಒಂದು ಚುಕ್ಕೆ ಇಡಿ, ತಾನೇ ಹರಡುತ್ತದೆ. ಬೀಡ್ ದುಂಡಗೆ, ಮೇಲ್ಮೈ ಹೊಳೆಯುವಂತಿರಬೇಕು. ಬ್ರಷ್‌ನಿಂದ ಹರಿದು ಬಿದ್ದರೆ ಲಿಕ್ವಿಡ್ ಜಾಸ್ತಿ, ಮೇಲೆ ಪುಡಿ ಕಂಡರೆ ಕಮ್ಮಿ. ಗಿಡ್ಡ ಉಗುರಿಗೆ ಎರಡು ಚಿಕ್ಕ ಬೀಡ್ ಧಾರಾಳ. ಕ್ಯೂಟಿಕಲ್ ಮತ್ತು ಪಕ್ಕದ ಚರ್ಮದಿಂದ ಅರ್ಧ ಮಿ.ಮೀ. ಬಿಟ್ಟು, ಅಲ್ಲಿ ತೀರಾ ತೆಳ್ಳಗೆ ಒತ್ತಿ. ನಡುವೆ ಸ್ವಲ್ಪ ಉಬ್ಬು ಇರಲಿ, ತುದಿಯ ಅಂಚು ಮುಚ್ಚಿರಲಿ.

ಗಟ್ಟಿಯಾದ ಮೇಲೆ 180, ಆಮೇಲೆ 240. ಈ ಕ್ಲೈಂಟ್ ವಿಷಯದಲ್ಲಿ ಅತಿ ಮುಖ್ಯವಾದ ಕೆಲಸ ಇದೇ. ನಾಲಿಗೆಗೋ ಹಲ್ಲಿಗೋ ಒಂದು ಒರಟು ಅಂಚು ಸಿಕ್ಕಿದರೆ ಸಾಕು, ಅಲ್ಲಿಂದಲೇ ಕೀಳಲು ಶುರುಮಾಡುತ್ತಾರೆ. ಒಂದು ಎಳೆ ಹತ್ತಿಯನ್ನು ಉಗುರಿನ ಸುತ್ತ ಹಗುರವಾಗಿ ಎಳೆದು ನೋಡಿ. ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಫೈಲ್ ಬೇಕು.

ಎರಡನೇ ಸಲ ಬಂದಾಗ ಫಾರ್ಮ್‌ನ ಕಮಾನನ್ನು ಕತ್ತರಿಯಿಂದ ಆ ಉಗುರಿನ ತುದಿಯ ಆಕಾರಕ್ಕೇ ಕತ್ತರಿಸಿ. ನಿಮ್ಮ ಹೆಬ್ಬೆರಳಿನಿಂದ ತುದಿಯ ಮಾಂಸವನ್ನು ಕೆಳಕ್ಕೆ ಎಳೆದು ಹಿಡಿದು ತೂರಿಸಿ, ನೋವಾದರೆ ನಿಲ್ಲಿಸಿ. ಉದ್ದ ಬೆರಳ ತುದಿಗೆ ಸಮ, ಹೆಚ್ಚೆಂದರೆ 1 ಮಿ.ಮೀ. ಮುಂದೆ. ಗಿಡ್ಡ ಉಗುರಿಗೆ ಉದ್ದ ಎಕ್ಸ್‌ಟೆನ್ಷನ್ ಹಾಕಿದರೆ ತುದಿಗೆ ತಾಗುವ ಪ್ರತಿ ಪೆಟ್ಟು ಹಿಂಭಾಗವನ್ನು ಮೀಟುತ್ತದೆ, ಉಗುರು ನೇಲ್ ಬೆಡ್‌ನಿಂದಲೇ ಬಿಟ್ಟುಕೊಳ್ಳುತ್ತದೆ. ಕ್ಲೈಂಟ್ ಎಷ್ಟೇ ಕೇಳಿಕೊಂಡರೂ ಇದಕ್ಕೆ ಒಪ್ಪಬೇಡಿ.

ಮರುಪ್ರಶ್ನೆ

ಮನೆಗೆ ಹೋದ ಮೇಲೆ ಏನೇನು ಹೇಳಿ ಕಳಿಸಬೇಕು? ಇನ್‌ಫಿಲ್ (ಉಗುರು ಬೆಳೆದು ಬುಡದಲ್ಲಿ ಖಾಲಿಯಾದ ಜಾಗ ತುಂಬುವುದು) ಯಾವಾಗ?

ಉತ್ತರ (ತರಬೇತುದಾರರು)

ಒಂದು ಫೈನ್ ಫೈಲ್ ಕೊಟ್ಟು ಕಳಿಸಿ. ಅಂಚು ಒರಟಾಯಿತು ಅನ್ನಿಸಿದರೆ ಬಾಯಿಗೆ ಒಯ್ಯದೆ ಫೈಲ್ ಹಿಡಿಯಲಿ. ಬೆಳಿಗ್ಗೆ, ರಾತ್ರಿ ಕ್ಯೂಟಿಕಲ್ ಆಯಿಲ್ ಹಚ್ಚಲಿ, ಸಿಬಿರೆದ್ದ ಚರ್ಮ ಮೆತ್ತಗಾದರೆ ಕಚ್ಚುವ ಆಸೆಯೂ ಕಡಿಮೆಯಾಗುತ್ತದೆ. ಪಾತ್ರೆ ತೊಳೆಯುವಾಗ ಕೈಗವಸು ಇರಲಿ. ಕಹಿ ಪಾಲಿಶ್ ಬೇಕೆಂದರೆ ಟಾಪ್ ಕೋಟ್ ಮೇಲೆ ಹಚ್ಚಿಕೊಳ್ಳಬಹುದು, ಕೆಲವರಿಗೆ ಉಪಯೋಗವಾಗುತ್ತದೆ.

ಮೊದಲ ಸಲ 7ರಿಂದ 10 ದಿನಕ್ಕೆ ಕರೆಯಿರಿ, ಆಮೇಲೆ ಎರಡು ವಾರಕ್ಕೊಮ್ಮೆ. ಮೂರು ವಾರ ಬಿಟ್ಟರೆ ಬುಡದಲ್ಲಿ ಮೆಟ್ಟಿಲಿನಂತೆ ಅಂಚು ಎದ್ದು ಹಲ್ಲಿಗೆ ಸಿಗುತ್ತದೆ. ಎದ್ದ ಭಾಗವನ್ನು ಫೈಲ್ ಮಾಡಿ ತೆಗೆದೇ ಇನ್‌ಫಿಲ್ ಹಾಕಿ, ಅದರ ಮೇಲೇ ತುಂಬಬೇಡಿ. ನಡುವೆ ಒಂದು ಮುರಿದರೆ ಸೂಪರ್ ಗ್ಲೂ ಹಾಕಿ ಅಂಟಿಸಿಕೊಳ್ಳದೆ ಫೋನ್ ಮಾಡಲಿ. ಆ ಒಂದು ಬೆರಳಿಗೆ ಅಂದೇ ಹತ್ತು ನಿಮಿಷ ಕೊಡಿ.