ಸಿಂಕ್ ನೀರು ಇಳೀತಿಲ್ಲ, ಬಚ್ಚಲಲ್ಲಿ ಉಕ್ಕಿ ಬರ್ತೈತೆ, ಟೈಲ್ಸ್ ಒಡೀಲೇಬೇಕಾ?

ನಿಟುವಳ್ಳಿ ಕೆಳಮನೆ:
ಎಲ್ರಿಗೂ ನಮಸ್ಕಾರ. ದಾವಣಗೆರೆ ನಿಟುವಳ್ಳೀಲಿ ಬಾಡಿಗೆ ಮನೆ, ನಾವು ಕೆಳಗೆ, ಓನರ್ ಮೇಲೆ. ಹತ್ತು ದಿನದಿಂದ ಅಡುಗೆಮನೆ ಸಿಂಕಿನ ನೀರು ನಿಧಾನಕ್ಕೆ ಇಳೀತಿತ್ತು, ಮೊನ್ನೆಯಿಂದ ಪೂರ್ತಿ ನಿಂತೇ ಹೋಗೈತೆ. ಅಷ್ಟೇ ಆಗಿದ್ರೆ ಹೆಂಗೋ ಸುಧಾರಿಸ್ತಿದ್ದೆ, ಆದ್ರೆ ಮೇಲ್ಗಡೆಯವ್ರು ವಾಷಿಂಗ್ ಮಷೀನ್ ಹಾಕಿದ್ರೆ ಸಾಕು ನಮ್ಮ ಬಚ್ಚಲ ಜಾಲರಿ ಗುಳುಗುಳು ಅಂದು ಕರೀ ನೀರು ಮೇಲೆ ಬರುತ್ತೆ, ವಾಸನೆಗೆ ಊಟ ಮಾಡೋಕಾಗ್ತಿಲ್ಲ. ಅಮ್ಮ ಮಂಡಿ ನೋವಿಟ್ಕೊಂಡು ಮುಸುರೆ ನೀರನ್ನ ಬಕೆಟ್‌ನಲ್ಲಿ ಹಿತ್ತಲಿಗೆ ಹೊತ್ಕೊಂಡೋಗಿ ಚೆಲ್ತಾರೆ, ಬೇಡ ಅಂದ್ರೂ ಕೇಳಲ್ಲ.
ನಿನ್ನೆ ಒಬ್ರು ಪ್ಲಂಬರ್ ಬಂದು ಏನೂ ಬಿಚ್ಚಿ ನೋಡದೇನೇ ಪೈಪ್ ಹೋಗೈತೆ, ಟೈಲ್ಸ್ ಒಡೆದು ಹೊಸದು ಹಾಕ್ಬೇಕು, 8,000 ಆಗುತ್ತೆ ಅಂದ್ರು. ನೋಡಿದ್ದಕ್ಕೇ 200 ಕೊಟ್ಟೆ. ಓನರ್ ಕೇಳಿದ್ರೆ ಬಳಸೋರು ನೀವು ನೀವೇ ಮಾಡಿಸ್ಕೊಳ್ಳಿ ಅಂತಾರೆ. ತಿಂಗಳ ಕೊನೆ ಬೇರೆ. ಕಡಿಮೆ ಖರ್ಚಲ್ಲಿ ನಾವೇ ಏನಾದ್ರೂ ಮಾಡ್ಕೋಬಹುದಾ, ಗೊತ್ತಿರೋರು ಹೇಳ್ರಿ.

ವಿನೋಬನಗರ ಎರಡನೇ ಮೇನ್:
ಅಕ್ಕಾ ಒಂದು ಬಾಟಲಿ ಆಸಿಡ್ ಸುರೀರಿ, ಒಂದ್ ತಾಸು ಬಿಟ್ಟು ಹೋಗ್ಲಿಲ್ಲಾಂದ್ರೆ ಅದರ ಮೇಲೆ ಅಂಗಡೀಲಿ ಸಿಗೋ ಡ್ರೈನ್ ಪುಡಿ ಒಂದು ಪ್ಯಾಕೆಟ್ ಹಾಕ್ರಿ. ನಮ್ಮ ಕಡೆ ಎಲ್ಲಾ ಹಂಗೇ ಮಾಡೋದು.

ಪೈಪ್ ಕೆಲಸದವ:
ತಮ್ಮಾ ದಯವಿಟ್ಟು ಯಾರಿಗೂ ಹಂಗೆ ಹೇಳ್ಬೇಡಪ್ಪ. ಆ ಪುಡಿ ಅಂದ್ರೆ ಕಾಸ್ಟಿಕ್ ಸೋಡಾ. ಆಸಿಡ್ ಮೇಲೆ ಅದು ಬಿದ್ರೆ ಪೈಪೊಳಗೇ ಕುದ್ದು ಮುಖಕ್ಕೆ ಸಿಡಿಯುತ್ತೆ. ಇನ್ನು ಬ್ಲೀಚಿಂಗ್ ಪೌಡರ್ ಹಾಕಿರೋ ಕಡೆ ಆಸಿಡ್ ಸುರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಬಾಗಿಲು ಹಾಕಿರೋ ಬಚ್ಚಲಲ್ಲಿ ಅದು ಜೀವಕ್ಕೇ ಕುತ್ತು. ಹದಿನಾರು ವರ್ಷದಿಂದ ಈ ಕೆಲಸದಲ್ಲಿದೀನಿ, ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಅಂಗೈ ಅಗಲದ ಕಲೆ ಐತೆ. ಮನೆಯವ್ರು ಬೆಳಿಗ್ಗೆ ಆಸಿಡ್ ಹಾಕಿ ನನಗೆ ಹೇಳಿರ್ಲಿಲ್ಲ, ಸಿಂಕಿನ ಕೆಳಗೆ ಕೂತು ಟ್ರ್ಯಾಪ್, ಅಂದ್ರೆ ವಾಸನೆ ತಡೆಯೋಕೆ ನೀರು ನಿಲ್ಲೋ ಬಟ್ಟಲು, ತಿರುಗಿಸ್ದೆ, ಒಳಗೆ ನಿಂತಿದ್ದಿದ್ದೆಲ್ಲ ಕೈ ಮೇಲೆ ಇಳೀತು. ನೀರೇ ಹೋಗದ ಪೈಪಲ್ಲಿ ಏನು ಹಾಕಿದ್ರೂ ಅಲ್ಲೇ ನಿಲ್ಲುತ್ತೆ, ಆಮೇಲೆ ಬಿಚ್ಚೋನ ಮೈಮೇಲೆ ಬೀಳುತ್ತೆ. ಅಕ್ಕಾರೇ, ನೀವೇನಾದ್ರೂ ಈಗಾಗ್ಲೇ ಹಾಕಿದ್ರೆ ಮೊದ್ಲು ಹೇಳಿ.

ಹಾಕಿಲ್ಲ ಅಂದ್ರೆ ಕೇಳ್ರಿ. ಮೇಲಿನ ಮಷೀನ್ ನೀರು ನಿಮ್ಮ ಬಚ್ಚಲಲ್ಲಿ ಉಕ್ತೈತೆ ಅಂದ್ರಲ್ಲ, ಅದರಲ್ಲೇ ಅರ್ಧ ಉತ್ತರ ಐತೆ. ಸಿಂಕ್ ಒಂದೇ ಕಟ್ಕೊಂಡಿದ್ರೆ ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆದ್ರೆ ಮುಗೀತಿತ್ತು. ಎರಡೂ ಕಡೆ ನಿಂತೈತೆ ಅಂದ್ರೆ ಸಿಂಕ್, ಬಚ್ಚಲು, ಮೇಲ್ಮನೆ ಲೈನು ಎಲ್ಲ ಸೇರೋ ಜಾಗದಿಂದ ಆಚೆ ಎಲ್ಲೋ ಕಟ್ಟೈತೆ, ಅಡುಗೆಮನೆ ಟೈಲ್ಸ್ ಒಡೆದ್ರೆ ಅಲ್ಲೇನೂ ಸಿಗಲ್ಲ. ಮೇಲಿನವ್ರಿಗೆ ಇವತ್ತು ಮಷೀನ್ ಹಾಕ್ಬೇಡಿ ಅಂತ ಹೇಳಿ, ಹಿತ್ತಲಲ್ಲೋ ಕಾಂಪೌಂಡ್ ಪಕ್ಕದಲ್ಲೋ ಒಂದು ಚೇಂಬರ್, ಅಂದ್ರೆ ಮನೆ ಕೊಳೆ ನೀರಿನ ಪೈಪು ಬಂದು ಸೇರೋ ಗುಂಡಿ ಇರುತ್ತೆ, ಅದರ ಮುಚ್ಚಳ ತೆಗೀರಿ. ಕಲ್ಲು ಚಪ್ಪಡಿ ಆಗಿದ್ರೆ ಇಬ್ರು ಸೇರಿ ಹಾರೆ ಹಾಕಿ ಎತ್ತಿ, ಒಬ್ರೇ ಎತ್ತಬೇಡಿ, ತೆಗೆದ ತಕ್ಷಣ ಬಗ್ಗಿ ನೋಡ್ಬೇಡಿ, ಹತ್ತು ನಿಮಿಷ ಗಾಳಿ ಆಡ್ಲಿ. ಚೇಂಬರ್ ತುಂಬಿ ನಿಂತಿದ್ರೆ ಕಟ್ಟಿರೋದು ಮುಂದೆ, ರಸ್ತೆ ಕಡೆ. ರಸ್ತೆ ಮ್ಯಾನ್‌ಹೋಲೂ ತುಂಬಿದ್ರೆ ಅದು ಯುಜಿಡಿ, ಅಂದ್ರೆ ಊರಿನ ಒಳಚರಂಡಿ ಲೈನಿನ ಕೆಲಸ, ಪಾಲಿಕೆಗೆ ದೂರು ಕೊಡ್ಬೇಕು, ನೀವು ಕೈಯಿಂದ ದುಡ್ಡು ಹಾಕೋದಲ್ಲ. ಚೇಂಬರ್ ಖಾಲಿ ಇದ್ರೆ ಕಟ್ಟಿರೋದು ಮನೆಗೂ ಚೇಂಬರಿಗೂ ನಡುವೆ, ಅದನ್ನ ನೀವೇ ತೆಗೀಬಹುದು.

ಅದಕ್ಕೆ ಪೈಪೊಳಗೆ ತೂರಿಸೋ ಉದ್ದ ಸ್ಪ್ರಿಂಗ್ ಸಿಗುತ್ತೆ ಹಾರ್ಡ್‌ವೇರ್ ಅಂಗಡೀಲಿ, ಆದ್ರೆ ಹೊಲ ತೋಟ ಇರೋ ನೆಂಟರಿದ್ರೆ ಅದೂ ಬೇಡ. ತೋಟಕ್ಕೆ ನೀರು ಹಾಯಿಸೋ ಕರೀ ಪೈಪು, ಬೆರಳಿಗಿಂತ ದಪ್ಪ ಇರೋದು, ಹದಿನೈದು ಇಪ್ಪತ್ತು ಅಡಿ ಸಾಕು, ತುದೀನ ಓರೆಯಾಗಿ ಕತ್ತರಿಸಿ. ಚೇಂಬರ್ ಕಡೆಯಿಂದ ಮನೆ ಕಡೆಗೆ ತಿರುಗಿಸ್ತಾ ತಳ್ಳಿ, ಮೆತ್ತಗೆ ತಡೆದಂಗಾದ್ರೆ ಅದೇ ಜಿಡ್ಡು, ಹಿಂದೆ ಮುಂದೆ ಆಡಿಸಿ. ಪೂರ್ತಿ ಗಟ್ಟಿಯಾಗಿ ತಾಗಿದ್ರೆ ಅದು ಬೆಂಡು, ಅಂದ್ರೆ ಪೈಪು ತಿರುಗೋ ಮೂಲೆ, ಗುದ್ದಬೇಡಿ, ತಿರುಗಿಸಿದ್ರೆ ಹೋಗುತ್ತೆ. ಇನ್ನೊಂದು ತುದೀನ ಬೋರ್ ನಲ್ಲಿಗೆ ಸಿಕ್ಕಿಸಿ ನೀರು ಬಿಟ್ರೆ ಇನ್ನೂ ಬೇಗ ಬಿಡುತ್ತೆ. ಕುಡಿಯೋ ನೀರಿನ ನಲ್ಲಿಗೆ ಮಾತ್ರ ಸಿಕ್ಕಿಸಲೇಬೇಡಿ. ನೀವು ತಳ್ಳೋವಾಗ ಚೇಂಬರ್ ಎದುರು ನಿಲ್ಲಬೇಡಿ, ಪಕ್ಕಕ್ಕೆ ಕೂರ್ರಿ, ಬಿಟ್ಟಾಗ ನಿಂತಿರೋದೆಲ್ಲ ಒಂದೇ ಸಲ ನುಗ್ಗುತ್ತೆ.

ದುರ್ಗದ ಹಳೇಮನೆ:
ನಂದು ಚಿತ್ರದುರ್ಗ. ನಮ್ಮನೇಲೂ ಹೋದ ವರ್ಷ ಹಿಂಗೇ ಆಗಿತ್ತು ತಂಗಿ, ನಾನು ಎಲ್ಲೋ ನೋಡಿ ಅಡುಗೆ ಸೋಡಾ ವಿನಿಗರ್ ಹಾಕ್ದೆ, ನೊರೆ ಬಂತು, ಖುಷಿ ಆಯ್ತು, ನೀರು ಮಾತ್ರ ಇಳೀಲಿಲ್ಲ. ಎರಡೂ ಸೇರಿದ್ರೆ ಒಂದಕ್ಕೊಂದು ಶಕ್ತಿ ಕಳ್ಕೊಳ್ತಾವೆ ಅಂತ ಮಗಳು ಆಮೇಲೆ ಹೇಳಿದ್ಲು. ಕುದಿಯೋ ನೀರನ್ನೂ ಸುರೀಬೇಡ, ಪಿವಿಸಿ ಪೈಪು 60 ಡಿಗ್ರಿ ದಾಟಿದ್ರೆ ಮೆತ್ತಗಾಗುತ್ತೆ, ನಮ್ಮನೇದು ಜಾಯಿಂಟೇ ಬಿಟ್ಟಿತ್ತು. ಕೈ ತಡ್ಕೊಳ್ಳೋ ಬಿಸಿ ಸಾಕು, ಅದೂ ನೀರು ಸ್ವಲ್ಪ ಇಳಿಯೋವಾಗ ಮಾತ್ರ. ಬೋರ್ ನೀರು ಬಳಸ್ತೀರಾ? ಗಡಸು ನೀರಿಗೆ ಸೋಪು ಸೇರಿದ್ರೆ ಬಿಳೀ ಪದರ ಕಟ್ಟುತ್ತೆ, ಅದು ಪೈಪಿನ ಒಳಮೈಗೆ ಅಂಟ್ಕೊಂಡು ಜಿಡ್ಡನ್ನ ಹಿಡ್ಕೊಳ್ಳುತ್ತೆ.

ನಿಟುವಳ್ಳಿ ಕೆಳಮನೆ:
ಆಸಿಡ್ ಹಾಕಿರ್ಲಿಲ್ಲ ಅಣ್ಣಾರೇ, ತರೋಕೆ ಹೊರಟಿದ್ದೆ, ನಿಮ್ಮ ಮೆಸೇಜ್ ನೋಡಿ ನಿಂತೆ. ನಿನ್ನೆ ಭಾನುವಾರ ಚನ್ನಗಿರಿಯಿಂದ ಮಾವ ತೋಟದ ಪೈಪು ಸುತ್ಕೊಂಡು ಬಸ್ಸಲ್ಲೇ ತಂದ್ರು. ತುಳಸಿಕಟ್ಟೆ ಹಿಂದೆ ಕಲ್ಲು ಚಪ್ಪಡಿ ಕೆಳಗೆ ಚೇಂಬರ್ ಇತ್ತು, ಎರಡು ವರ್ಷದಿಂದ ಇದೀವಿ ನಮಗೆ ಗೊತ್ತೇ ಇರ್ಲಿಲ್ಲ. ಎತ್ತಿ ನೋಡಿದ್ರೆ ಖಾಲಿ, ತಳದಲ್ಲಿ ಒಣಗಿದ ಕೆಸರು, ಎರಡು ಜಿರಳೆ. ಮನೆ ಕಡೆ ಪೈಪಿನ ಬಾಯಿಂದ ಎಣ್ಣೆ ತೊಟ್ಟಿಕ್ಕಿದಂಗೆ ನೀರು ಒಂದೊಂದೇ ಹನಿ ಬೀಳ್ತಿತ್ತು.
ಆರೇಳು ಅಡಿಗೆ ಮೆತ್ತಗೆ ತಡೀತು. ಮುಕ್ಕಾಲು ಗಂಟೆ ಮಾವ ತಿರುಗಿಸ್ತಾನೇ ಇದ್ರು, ನನಗೆ ಆಗಲ್ಲ ಬಿಡಿ ಅನ್ನಿಸಿತ್ತು, ಬೋರ್ ನೀರು ಬಿಟ್ಟ ಮೇಲೆ ಒಳಗೆ ಗುಡುಗುಡು ಅಂತ ಸದ್ದಾಗಿ ಒಂದೇ ಸಲ ನುಗ್ಗಿ ಬಂತು ನೋಡಿ, ಅಮ್ಮ ಬಚ್ಚಲಿಂದ ಇಳೀತು ಇಳೀತು ಅಂತ ಕೂಗಿದ್ರು. ಆಮೇಲೆ ಚೇಂಬರಲ್ಲಿ ಒಂದು ಉಂಡೆ ಸಿಕ್ತು, ಮುಷ್ಟಿಗಿಂತ ದೊಡ್ಡದು. ಮೇಲೆ ಬೂದಿ ಬಣ್ಣ, ಕಡ್ಡೀಲಿ ಸೀಳಿದ್ರೆ ಒಳಗೆ ಮೇಣದ ಥರ ಬಿಳೀ, ಅದರೊಳಗೆ ಪಾತ್ರೆ ತಿಕ್ಕೋ ತೆಂಗಿನ ನಾರು ಎಳೆ ಎಳೆಯಾಗಿ ಹೆಣ್ಕೊಂಡಿತ್ತು, ಟೀ ಪುಡಿ, ಹುಣಸೆ ಬೀಜ, ಸ್ಟೀಲ್ ಜುಂಗಿನ ತಂತಿ. ನಮ್ಮನೇಲಿ ವಾರಕ್ಕೆರಡು ಸಲ ಬೆಣ್ಣೆ ದೋಸೆ, ಹೆಂಚು ತೊಳೆದ ನೀರೆಲ್ಲ ಅಲ್ಲಿಗೇ ಹೋಗೋದಲ್ವಾ. ಗ್ಲೌಸ್ 60, ಸಿಂಕಿಗೆ ಸಣ್ಣ ಜಾಲರಿ 40, ಮಾವನ ಬಸ್ ಚಾರ್ಜ್ ಬೇರೆ ಅಷ್ಟೇ.
ಒಂದು ಅನುಮಾನ. ನೀರು ಹೋಗ್ತೈತೆ, ಆದ್ರೆ ಮೊದಲಿನಷ್ಟು ಜೋರಾಗಿಲ್ಲ. ಗೋಡೆ ಆಚೆ ಪೈಪು ಹೊರಗೆ ಕಾಣೋ ಕಡೆ ನಡುವೆ ಸ್ವಲ್ಪ ಬಾಗಿದಂಗೈತೆ. ಅದು ತೊಂದ್ರೆನಾ?

ಪೈಪ್ ಕೆಲಸದವ:
ಬಹಳ ಒಳ್ಳೇ ಕೆಲಸ ಮಾಡಿದ್ರಿ, ನಿಮ್ಮ ಮಾವಂಗೆ ನನ್ನ ನಮಸ್ಕಾರ ಹೇಳಿ. ಆ ಬಾಗಿರೋದೇ ಮೂಲ. ಒಂದು ಅಡಿ ಉದ್ದಕ್ಕೆ ಕಾಲಿಂಚಾದ್ರೂ ಇಳಿಜಾರು ಇರ್ಬೇಕು, ಬಾಗಿದ ಕಡೆ ನೀರು ನಿಲ್ಲುತ್ತೆ, ನಿಂತ ನೀರು ತಣ್ಣಗಾದ್ರೆ ಬೆಣ್ಣೆ ಅಲ್ಲೇ ಹೆಪ್ಪುಗಟ್ಟುತ್ತೆ. ಬಾಗಿರೋ ಜಾಗದ ಕೆಳಗೆ ಇಟ್ಟಿಗೆ ಚೂರು ಕೊಟ್ಟು ಮೆಲ್ಲಗೆ ಎತ್ತಿ, ಗೋಡೆಗೆ ಎರಡು ಕ್ಲ್ಯಾಂಪ್ ಹೊಡೆಸಿ. ಜೋರಾಗಿ ಎತ್ತಿದ್ರೆ ಜಾಯಿಂಟ್ ಬಿಡುತ್ತೆ. ಈ ಕ್ಲ್ಯಾಂಪಿನ ದುಡ್ಡು ಓನರ್ ಹತ್ರ ಕೇಳ್ರಿ, ಉಂಡೆ ಫೋಟೋ, ಬಾಗಿರೋ ಪೈಪಿನ ಫೋಟೋ ಎರಡೂ ತೋರಿಸಿ, ಪೈಪು ಕಟ್ಟಡದ್ದು, ಮೇಲಿನ ನೀರೂ ಅದರಲ್ಲೇ ಬರೋದು.
ಇನ್ನೊಂದು ಮಾತು, ಮನಸ್ಸಿಗೆ ತಗೊಳ್ರಿ. ಮುಂದೆ ಎಂದಾದ್ರೂ ಚೇಂಬರೋ ಸೆಪ್ಟಿಕ್ ಟ್ಯಾಂಕೋ ತುಂಬಿದ್ರೆ 500 ಕೊಟ್ಟು ಯಾರನ್ನೂ ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಇಳಿಸಿದವ್ರಿಗೆ ಜೈಲೂ ಆಗ್ಬಹುದು. ಒಳಗಿನ ಗ್ಯಾಸಿಗೆ ಒಂದೆರಡು ನಿಮಿಷದಲ್ಲಿ ಮನುಷ್ಯ ಕುಸೀತಾನೆ, ಎತ್ತೋಕೆ ಇಳಿದೋನೂ ಹೋಗ್ತಾನೆ. ಸಕ್ಕಿಂಗ್ ಮಷೀನ್ ಗಾಡಿ ಕರೆಸಿ, ಎರಡು ದಿನ ಕಾಯಬೇಕಾದ್ರೂ ಕಾಯಿರಿ.

ದುರ್ಗದ ಹಳೇಮನೆ:
ತಂಗಿ, ಹೆಂಚನ್ನ ತೊಳೆಯೋಕ್ಮುಂಚೆ ಹಳೇ ಪೇಪರಲ್ಲಿ ಒರೆಸಿ ಕಸಕ್ಕೆ ಹಾಕು, ನಾನು ಮಂಡಕ್ಕಿ ಕಟ್ಟಿ ತಂದ ಪೇಪರ್‌ಗಳನ್ನ ಇದಕ್ಕೇ ಎತ್ತಿಡ್ತೀನಿ. ನಾರಿನ ಬದಲು ಸ್ಪಂಜು ತಗೋ. ಅಮ್ಮನ ಮಂಡಿ ಈಗ ಹೆಂಗೈತೆ?

ನಿಟುವಳ್ಳಿ ಕೆಳಮನೆ:
ಪರವಾಗಿಲ್ಲ ಅಕ್ಕಾ, ಇವತ್ತು ಬಕೆಟ್ ಎತ್ತಿಲ್ಲ. ಓನರ್‌ಗೆ ಫೋಟೋ ಕಳಿಸಿದೀನಿ, ಸಂಜೆ ಇಳಿದು ಬಂದು ನೋಡ್ತೀನಿ ಅಂದಿದಾರೆ.