ಜೆರುಸಲೇಮಿನ ರಾಣಿಯರು: ‘ಪಟ್ಟದರಸಿ’ ಎಂಬ ಪದ ಯಾರಿಗೆ ಒಪ್ಪುತ್ತದೆ?

ಮಾನ್ಯರೇ,

1099ರಲ್ಲಿ ಮೊದಲನೆಯ ಕ್ರುಸೇಡಿನ ಸೈನ್ಯವು ಜೆರುಸಲೇಮನ್ನು ವಶಪಡಿಸಿಕೊಂಡ ಮೇಲೆ ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ ನೆಲೆಗೊಂಡ ಲ್ಯಾಟಿನ್ ಕ್ರೈಸ್ತ ರಾಜ್ಯದ ಅರಸೊತ್ತಿಗೆಯ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಎದುರಾಗುವ ಒಂದು ಪದಸಮಸ್ಯೆಯನ್ನು ಚರ್ಚೆಗೆ ಇಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವವರು ‘ಕನ್ಸಾರ್ಟ್’ ಎಂಬ ಒಂದೇ ತಲೆಬರಹದ ಕೆಳಗೆ ಆಳುವ ರಾಜನ ಹೆಂಡತಿಯನ್ನೂ ಆಳುವ ರಾಣಿಯ ಗಂಡನನ್ನೂ ಸೇರಿಸಿಬಿಡುತ್ತಾರೆ. ಕನ್ನಡದಲ್ಲಿ ಹೆಂಡತಿಗೆ ರಾಣಿ, ಅರಸಿ, ಮಹಿಷಿ, ಪಟ್ಟದರಸಿ, ಪಟ್ಟಮಹಿಷಿ ಎಂದು ಬೇಕಾದಷ್ಟು ಪದಗಳಿವೆ. ಗಂಡನಿಗೆ ಒಂದೂ ಇಲ್ಲ. ನನ್ನ ಪ್ರಶ್ನೆ ಮುಖ್ಯವಾಗಿ ‘ಪಟ್ಟದರಸಿ’ಯನ್ನು ಕುರಿತದ್ದು, ಏಕೆಂದರೆ ಅನುವಾದಕರು ಹೆಚ್ಚಾಗಿ ಕೈಹಾಕುವುದು ಅದಕ್ಕೇ. ಗಂಡಂದಿರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಟ್ಟ ಎಂದರೆ ಮೊದಲಿಗೆ ಹಣೆಗೆ ಕಟ್ಟುವ ಪಟ್ಟಿ. ಅದರಿಂದಲೇ ‘ಪಟ್ಟ ಕಟ್ಟು’, ‘ಪಟ್ಟಬಂಧ’ ಎಂಬ ಮಾತುಗಳು ಹುಟ್ಟಿವೆ. ಹೊಯ್ಸಳ ವಿಷ್ಣುವರ್ಧನನ ಶಾಂತಲೆಯನ್ನು ಶಾಸನಗಳು ಪಿರಿಯರಸಿ ಎಂದೂ ಪಟ್ಟಮಹಾದೇವಿ ಎಂದೂ ಕರೆಯುವಾಗ ಆ ಎರಡು ಬಿರುದುಗಳ ಹಿಂದೆ ಇರುವುದು ಬಹುಪತ್ನಿತ್ವದ ಅರಮನೆ. ಹಲವು ರಾಣಿಯರು ಒಂದೇ ಕಾಲಕ್ಕೆ ಬದುಕಿದ್ದಾರೆ, ಅವರಲ್ಲಿ ಒಬ್ಬಳು ಹಿರಿಯಳು, ಅವಳಿಗೆ ಪಟ್ಟ. ಕನ್ನಡ ಓದುಗರ ಕಿವಿಗೆ ‘ಪಟ್ಟದರಸಿ’ ಎಂದೊಡನೆ ‘ಹಾಗಾದರೆ ಉಳಿದವರು ಯಾರು?’ ಎಂಬ ಪ್ರಶ್ನೆಯೂ ಕೇಳಿಸುತ್ತದೆ. ಜೆರುಸಲೇಮಿನಲ್ಲಿ ಚರ್ಚು ಒಬ್ಬ ರಾಜನಿಗೆ ಒಂದು ಕಾಲಕ್ಕೆ ಒಬ್ಬಳೇ ಹೆಂಡತಿಯನ್ನು ಒಪ್ಪುತ್ತಿದ್ದುದರಿಂದ ಅಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ. ಆದರೆ ಅಲ್ಲಿ ಬೇರೊಂದು ಭೇದವಿತ್ತು: ರಾಜನ ಹೆಂಡತಿಯಾಗಿದ್ದು ಕಿರೀಟ ಧರಿಸಿದವಳು ಒಬ್ಬಳು, ರಾಜನ ಹೆಂಡತಿಯಾಗಿಯೂ ಕಿರೀಟ ಕಾಣದವಳು ಇನ್ನೊಬ್ಬಳು. ಈ ಎರಡನೆಯ ಭೇದವನ್ನು ತೋರಿಸಲು ‘ಪಟ್ಟ’ ಎಂಬ ಮಾತು ನಮ್ಮಲ್ಲಿರುವ ಎಲ್ಲ ಪದಗಳಿಗಿಂತ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಸವತಿಯರ ನಡುವಣ ಹಿರಿತನವನ್ನು ಬದಿಗಿಟ್ಟು, ವಿಧಿಪೂರ್ವಕವಾಗಿ ಪಟ್ಟವಾದವಳು ಎಂಬ ಒಂದೇ ಅರ್ಥದಲ್ಲಿ ಈ ಪದವನ್ನು ಬಳಸಲು ಓದುಗರು ಒಪ್ಪುತ್ತಾರೆಯೇ ಎಂಬುದೇ ನನ್ನ ಸಂದೇಹ.

ಮೊದಲ ರಾಜನಿಂದಲೇ ತೊಡಕು ಶುರುವಾಗುತ್ತದೆ. ಒಂದನೆಯ ಬಾಲ್ಡ್‌ವಿನ್ 1100ರ ಕ್ರಿಸ್‌ಮಸ್ ದಿನ ಬೆತ್ಲೆಹೇಮಿನಲ್ಲಿ ಕಿರೀಟ ಧರಿಸಿದ. ಅವನ ಮೊದಲ ಹೆಂಡತಿ ದಂಡಯಾತ್ರೆಯ ದಾರಿಯಲ್ಲೇ, 1097ರಲ್ಲಿ, ಮರಾಶ್ ಎಂಬಲ್ಲಿ ತೀರಿಕೊಂಡಿದ್ದಳು. ಎರಡನೆಯವಳು ಆರ್ಮೇನಿಯದವಳು. ಇಂದು ಎಲ್ಲರೂ ಆಕೆಯನ್ನು ಆರ್ದಾ ಎನ್ನುತ್ತಾರಾದರೂ ಆ ಹೆಸರು ಬಹಳ ಈಚಿನ ಬರಹಗಳದು, ಅವಳ ಕಾಲದ ಬರಹಗಾರರು ಅವಳ ಹೆಸರನ್ನೇ ಹೇಳಿಲ್ಲ. ಕೆಲವು ವರ್ಷಗಳಲ್ಲಿ ಬಾಲ್ಡ್‌ವಿನ್ ಆಕೆಯನ್ನು ಜೆರುಸಲೇಮಿನ ಸಂತ ಆನ್ನಳ ಕ್ರೈಸ್ತಮಠಕ್ಕೆ ಸೇರಿಸಿಬಿಟ್ಟ. ಅವಳು ಬದುಕಿರುವಾಗಲೇ 1113ರಲ್ಲಿ ಸಿಸಿಲಿಯ ಒಂದನೆಯ ರೋಜರನ ವಿಧವೆ ಅಡಲೇಡಳನ್ನು ಮದುವೆಯಾದ. ಅಡಲೇಡ್ ಅಪಾರ ಐಶ್ವರ್ಯದೊಂದಿಗೆ ಬಂದಳು. ಈ ಮದುವೆಯಲ್ಲಿ ಮಕ್ಕಳಾಗದಿದ್ದರೆ ಅವಳ ಮಗ ಎರಡನೆಯ ರೋಜರನಿಗೆ ಜೆರುಸಲೇಮ್ ಸಲ್ಲಬೇಕು ಎಂಬುದು ಕರಾರು. 1117ರಲ್ಲಿ, ಕಾಯಿಲೆ ಬಿದ್ದ ರಾಜನಿಗೆ ಆ ಆರ್ಮೇನಿಯದ ಹೆಂಡತಿ ಜೀವಂತವಿರುವ ಸಂಗತಿಯನ್ನು ಪಾದ್ರಿಗಳು ನೆನಪಿಸಿದ ಮೇಲೆ, ಮದುವೆ ರದ್ದಾಗಿ ಅಡಲೇಡ್ ಸಿಸಿಲಿಗೆ ಮರಳಿದಳು; ಮರುವರ್ಷ ಪಾತ್ತಿ ಎಂಬ ಊರಿನಲ್ಲಿ ತೀರಿಕೊಂಡಳು. ಅವಳು ತಂದ ಹಣ ಮಾತ್ರ ಆ ವೇಳೆಗೆ ಖರ್ಚಾಗಿತ್ತು.

ಈ ಇಬ್ಬರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ರಾಣಿ’ ಎಂದರೆ ತಪ್ಪಾಗದು, ಆದರೆ ಏನನ್ನೂ ಹೇಳಿದಂತೆಯೂ ಆಗದು. ವೈದಿಕ ಯಜ್ಞಸಾಹಿತ್ಯದಲ್ಲಿ ರಾಜನ ಹೆಂಡಿರನ್ನು ಮಹಿಷೀ, ವಾವಾತಾ, ಪರಿವೃಕ್ತೀ, ಪಾಲಾಗಲೀ ಎಂದು ನಾಲ್ಕಾಗಿ ಎಣಿಸುವ ಕ್ರಮವಿದೆ. ಮಹಿಷಿ ಹಿರಿಯಳು, ವಾವಾತೆ ಒಲವಿನವಳು, ಪರಿವೃಕ್ತೀ ಎಂದರೆ ತಳ್ಳಿಬಿಟ್ಟವಳು. ಮಠ ಸೇರಿದ ಆ ಆರ್ಮೇನಿಯದ ಹೆಣ್ಣಿಗೆ ಇದಕ್ಕಿಂತ ಸರಿಯಾದ ಪದ ಸಿಗಲಾರದು ಎಂದು ಕ್ಷಣಕಾಲ ಅನಿಸಿತಾದರೂ, ಈ ಪದವನ್ನು ತಂದರೆ ಅದನ್ನು ವಿವರಿಸಲು ಅರ್ಧ ಪುಟ ಬೇಕು. ಜೊತೆಗೆ ಅಶ್ವಮೇಧದ ಹೊಗೆಯೂ ಒಳಗೆ ಬರುತ್ತದೆ. ‘ಮಹಿಷಿ’ಯನ್ನು ಒಂಟಿಯಾಗಿ ಬಳಸುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಎಮ್ಮೆ ಎಂಬ ಅರ್ಥ ಸಂಸ್ಕೃತ ಬಲ್ಲವರಿಗೆ ಮೊದಲು ಹೊಳೆಯುತ್ತದೆ, ಅರಿಯದವರಿಗೆ ಏನೂ ಹೊಳೆಯುವುದಿಲ್ಲ. ಇನ್ನು ‘ದೊರೆಸಾನಿ’ ಎಂದರೆ ಕಂಪನಿ ಕಾಲದ ಕಲೆಕ್ಟರನ ಹೆಂಡತಿಯೇ ಕಣ್ಣಮುಂದೆ ಬಂದು ನಿಲ್ಲುತ್ತಾಳೆ.

ಗಂಡನ ಜೊತೆಯಲ್ಲೇ ಕಿರೀಟ ಧರಿಸಿದಳು ಎಂದು ಖಚಿತವಾಗಿ ಹೇಳಬಹುದಾದವಳು ಎರಡನೆಯ ಬಾಲ್ಡ್‌ವಿನ್ನನ ಹೆಂಡತಿ ಮೊರ್ಫಿಯ. ಮೆಲಿಟೀನ್ ನಗರದ ಒಡೆಯ ಗೇಬ್ರಿಯಲ್ಲನ ಮಗಳಾದ ಇವಳೂ ಆರ್ಮೇನಿಯದವಳೇ. 1118ರಲ್ಲಿಯೇ ರಾಜನಾಗಿದ್ದ ಬಾಲ್ಡ್‌ವಿನ್, ಹೆಂಡತಿ ಮಕ್ಕಳು ಅವನು ಹಿಂದೆ ಆಳುತ್ತಿದ್ದ ಎಡೆಸ್ಸಾದಿಂದ ಬಂದ ಮೇಲೆ 1119ರ ಕ್ರಿಸ್‌ಮಸ್ಸಿನಂದು ಬೆತ್ಲೆಹೇಮಿನಲ್ಲಿ ಅವಳೊಂದಿಗೆ ಕಿರೀಟಧಾರಣೆ ಮಾಡಿಸಿಕೊಂಡ. ಮೊರ್ಫಿಯಳನ್ನು ‘ಪಟ್ಟದರಸಿ’ ಎನ್ನಲು ಯಾವ ಅಡ್ಡಿಯೂ ಇಲ್ಲ. ಅದೇ ಪದವನ್ನು ಆರ್ದಾಳಿಗೂ ಬಳಸಿದರೆ, ಮೊರ್ಫಿಯಳಿಗಾಗಿ ಬೆತ್ಲೆಹೇಮಿನಲ್ಲಿ ನಡೆದ ವಿಧಿಗೆ ಬೆಲೆಯೇ ಇರುವುದಿಲ್ಲ.

ಮೊರ್ಫಿಯಳ ಮಗಳು ಮೆಲಿಸೆಂಡಳಲ್ಲಿಗೆ ಬಂದಾಗ ಸಮಸ್ಯೆ ತಿರುವುಮುರುವಾಗುತ್ತದೆ. ಗಂಡುಮಕ್ಕಳಿಲ್ಲದ ಬಾಲ್ಡ್‌ವಿನ್ ತನ್ನ ನಾಲ್ವರು ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಇವಳನ್ನು ಫ್ರಾನ್ಸಿನ ಆಂಜೂ ಪ್ರಾಂತದ ಫುಲ್ಕನಿಗೆ 1129ರಲ್ಲಿ ಮದುವೆ ಮಾಡಿಕೊಟ್ಟು, 1131ರಲ್ಲಿ ಸಾಯುವ ಮುನ್ನ ಮಗಳು, ಅಳಿಯ ಮತ್ತು ಎಳೆಯ ಮೊಮ್ಮಗ ಈ ಮೂವರಿಗೂ ರಾಜ್ಯವನ್ನು ಒಟ್ಟಾಗಿ ಒಪ್ಪಿಸಿದ. ಫುಲ್ಕ್ ಮೊದಮೊದಲು ಅವಳನ್ನು ದೂರವಿಟ್ಟು ಆಳಲು ನೋಡಿದನಾದರೂ 1134ರ ದಂಗೆಯ ನಂತರ ಅವಳ ಮಾತಿಲ್ಲದೆ ಏನೂ ನಡೆಯದ ಸ್ಥಿತಿ ಬಂತು. 1143ರಲ್ಲಿ ಅವನು ಸತ್ತ ಮೇಲೆ ಮೆಲಿಸೆಂಡ್ ಮಗ ಮೂರನೆಯ ಬಾಲ್ಡ್‌ವಿನ್ನನ ಜೊತೆಗೆ ಮತ್ತೆ ಕಿರೀಟ ಧರಿಸಿದಳು. 1152ರಲ್ಲಿ ಮಗನೇ ಸೈನ್ಯ ತಂದು ಅವಳನ್ನು ಬದಿಗೆ ಸರಿಸುವವರೆಗೂ ಆಳಿದಳು. ಇವಳನ್ನು ‘ಫುಲ್ಕನ ಪಟ್ಟದರಸಿ’ ಎಂದು ಬರೆದಿರುವುದನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ಪಟ್ಟ ಅವಳದು, ಅವನಿಗೆ ಬಂದದ್ದು ಅವಳ ಕಡೆಯಿಂದ.

ಆದರೆ ಇಲ್ಲಿ ಲ್ಯಾಟಿನ್ ಭಾಷೆಯೂ ನಮಗೆ ನೆರವಾಗುವುದಿಲ್ಲ. ಆಳಿದ ಮೆಲಿಸೆಂಡಳೂ ಆಳದ ಮೊರ್ಫಿಯಳೂ ಅಲ್ಲಿ ‘ರೆಜೀನಾ’ ಎಂಬ ಒಂದೇ ಪದದಲ್ಲಿ ಅಡಗುತ್ತಾರೆ, ಕನ್ನಡದ ‘ರಾಣಿ’, ‘ಅರಸಿ’ಗಳಲ್ಲಿ ಕೆಳದಿಯ ಚೆನ್ನಮ್ಮನೂ ಅರಮನೆ ಬಿಟ್ಟು ಹೊರಬರದ ರಾಣಿಯೂ ಅಡಗುವಂತೆ. ಮೂಲದಲ್ಲಿರುವ ಅಸ್ಪಷ್ಟತೆಯನ್ನು ಹಾಗೆಯೇ ಉಳಿಸಬೇಕೆನ್ನುವವರು ‘ರಾಣಿ’ಯೊಂದೇ ಸಾಕು ಎನ್ನಬಹುದು. ಮೂಲದ ದಸ್ತಾವೇಜನ್ನು ಅನುವಾದಿಸುವಾಗ ಅದು ಸರಿ. ಚರಿತ್ರೆಯನ್ನು ವಿವರಿಸುವಾಗ ಆಳಿದವಳನ್ನು ‘ಆಳರಸಿ’ ಎಂದು ಬೇರ್ಪಡಿಸಿದರೆ ಹೇಗೆ? ‘ಆಳುವ ರಾಣಿ’ ಎಂಬ ಎರಡು ಪದಗಳ ರೂಪ ಬಳಕೆಗೆ ಹತ್ತಿರ, ಆದರೆ ‘ಆಳುವ ರಾಣಿ 1143ರಲ್ಲಿ ಕಿರೀಟ ಧರಿಸಿದಳು’ ಎಂಬಂಥ ವಾಕ್ಯದಲ್ಲಿ ವರ್ತಮಾನದ ಕೃದಂತ ತೊಡರುತ್ತದೆ.

ಈಗ ಗಂಡಂದಿರು. ಫುಲ್ಕ್, ಗೀ ಲುಸಿನ್ಯಾನ್, ಕಾನ್ರಾಡ್ ಮೊಂಫೆರ್ರಾತ್, ಹೆನ್ರಿ ಶಾಂಪೇನ್, ಎಮೆರಿ ಲುಸಿನ್ಯಾನ್, ಜಾನ್ ಬ್ರಿಯೆನ್, ಚಕ್ರವರ್ತಿ ಎರಡನೆಯ ಫ್ರೆಡರಿಕ್: ಇವರೆಲ್ಲರೂ ಹೆಂಡತಿಯ ಹಕ್ಕಿನಿಂದ ಜೆರುಸಲೇಮಿನ ಅಧಿಕಾರ ಪಡೆದವರು. 1186ರ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಗಂಡನಾದ ಗೀಯನ್ನು ಬಿಟ್ಟರೆ ಮಾತ್ರ ಮೆಲಿಸೆಂಡಳ ಮೊಮ್ಮಗಳು ಸಿಬಿಲ್ಲಳಿಗೆ ಪಟ್ಟ ಎಂದು ಸಾಮಂತರು ಷರತ್ತು ಹಾಕಿದಾಗ, ಮುಂದಿನ ಗಂಡನನ್ನು ತಾನೇ ಆರಿಸುವ ಸ್ವಾತಂತ್ರ್ಯವನ್ನು ಅವಳು ಕೇಳಿ ಪಡೆದಳು. ತನ್ನ ತಲೆಗೆ ಕಿರೀಟ ಬಂದ ಮೇಲೆ ಗೀಯನ್ನೇ ಮತ್ತೆ ಆರಿಸಿ ಅವನಿಗೂ ಕಿರೀಟವಿಟ್ಟಳು. ಮರುವರ್ಷವೇ ಹತ್ತೀನ್ ಕಾಳಗದಲ್ಲಿ ಗೀ ಸೆರೆಸಿಕ್ಕಿ, ಅಕ್ಟೋಬರಿನಲ್ಲಿ ಜೆರುಸಲೇಮ್ ಮುಸ್ಲಿಂ ಸುಲ್ತಾನ ಸಲಾದಿನನ ವಶವಾಯಿತು. 1190ರಲ್ಲಿ ಸಿಬಿಲ್ಲ ಮತ್ತು ಅವಳ ಹೆಣ್ಣುಮಕ್ಕಳು ಏಕರ್ ಮುತ್ತಿಗೆಯ ಬೀಡಿನಲ್ಲಿ ಕಾಯಿಲೆಯಿಂದ ಸತ್ತೊಡನೆ, ಗೀಯ ರಾಜತ್ವವೂ ಅವಳೊಂದಿಗೇ ಮುಗಿಯಿತು ಎಂದು ಅವನ ವಿರೋಧಿಗಳು ವಾದಿಸಿದರು. ಅವನನ್ನು ‘ರಾಜ’ ಎಂದಷ್ಟೇ ಬರೆದರೆ ಈ ವಾದದ ಬುಡವೇ ಓದುಗನಿಗೆ ಕಾಣುವುದಿಲ್ಲ.

‘ಮನೆಯಳಿಯ’ ಎಂಬ ನಮ್ಮ ಮಾತು ಅರ್ಥಕ್ಕೆ ಅಚ್ಚರಿಯಾಗುವಷ್ಟು ಹತ್ತಿರವಿದ್ದರೂ ಅದರಲ್ಲಿ ಕುಹಕದ ಎಳೆಯಿದೆ. ‘ಅಳಿಯರಾಜ’ ಎಂದು ಮಾಡೋಣವೆಂದರೆ ಕರಾವಳಿಯ ಓದುಗರು ಅಳಿಯಸಂತಾನವನ್ನು ನೆನೆಯುತ್ತಾರೆ. ಅಲ್ಲಿ ಹಕ್ಕು ಹೋಗುವುದು ಸೋದರಳಿಯನಿಗೆ, ಮಗಳ ಗಂಡನಿಗಲ್ಲ. ಉಳ್ಳಾಲದ ಅಬ್ಬಕ್ಕನನ್ನು ಮದುವೆಯಾದ ಮಾತ್ರಕ್ಕೆ ಮಂಗಳೂರಿನ ಬಂಗರಸನು ಉಳ್ಳಾಲದ ಅರಸನಾಗಲಿಲ್ಲ. ಜೆರುಸಲೇಮಿನಲ್ಲಿ ಆಗುತ್ತಿದ್ದುದು ಇದಕ್ಕೆ ತೀರ ವಿರುದ್ಧ. ಹಾಗಾಗಿ ‘ಪತ್ನೀಹಕ್ಕಿನ ರಾಜ’ ಎಂಬ ವಿವರಣಾರೂಪವನ್ನೇ, ಅದು ಅರಿಸಮಾಸವೆಂಬ ಆಕ್ಷೇಪವನ್ನು ಸಹಿಸಿಕೊಂಡು, ಮುಂದಿಡುತ್ತೇನೆ. ಇದಕ್ಕಿಂತ ಚೆಲುವಾದದ್ದು ಯಾರಿಗಾದರೂ ಹೊಳೆದರೆ ಸಂತೋಷ.

‘ರಾಜಮಾತೆ’ಯ ವಿಷಯದಲ್ಲಿ ಎಚ್ಚರ ಬೇಕು. ಗಂಡ ಸತ್ತ ರಾಣಿಯನ್ನೆಲ್ಲ ನಾವು ಸರಾಗವಾಗಿ ರಾಜಮಾತೆ ಎಂದುಬಿಡುತ್ತೇವೆ. ಮೂರನೆಯ ಬಾಲ್ಡ್‌ವಿನ್ 1158ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಮಾನ್ಯುಯೆಲನ ಅಣ್ಣನ ಮಗಳು, ಇನ್ನೂ ಎಳೆಯ ಹುಡುಗಿಯಾದ ಥಿಯೊಡೋರಳನ್ನು ಮದುವೆಯಾದ. ಅವಳು ತಂದ ಬಳುವಳಿ ಒಂದು ಲಕ್ಷ ಚಿನ್ನದ ನಾಣ್ಯ ಎಂದು ಆ ಕಾಲದ ಚರಿತ್ರೆಕಾರ ಟೈರಿನ ವಿಲಿಯಂ ಬರೆದಿದ್ದಾನೆ. 1163ರಲ್ಲಿ ಗಂಡ ಸತ್ತಾಗ ಅವಳಿಗೆ ಮಕ್ಕಳಿರಲಿಲ್ಲ. ಅವಳು ವಿಧವೆಯಾದ ರಾಣಿ, ಆದರೆ ರಾಜಮಾತೆಯಲ್ಲ. ಅವಳ ಮೈದುನ, ಮುಂದೆ ರಾಜನಾದ ಅಮಾಲ್ರಿಕನ ಹೆಂಡತಿ ಆಗ್ನೆಸ್ ಕೂರ್ತನೇಯದು ಇದಕ್ಕೆ ತದ್ವಿರುದ್ಧವಾದ ಸ್ಥಿತಿ. ಅವಳನ್ನು ಬಿಟ್ಟರೆ ಮಾತ್ರ ನಿನಗೆ ಪಟ್ಟ ಎಂದು ಸಾಮಂತರ ಸಭೆ ಹಠ ಹಿಡಿದುದರಿಂದ, ರಕ್ತಸಂಬಂಧದ ನೆಪದ ಮೇಲೆ ಆ ಮದುವೆ ರದ್ದಾಯಿತು, ಮಕ್ಕಳ ಹಕ್ಕು ಮಾತ್ರ ಉಳಿಯಿತು. ಅವಳ ಮಗ, ಕುಷ್ಠರೋಗಿಯಾದ ನಾಲ್ಕನೆಯ ಬಾಲ್ಡ್‌ವಿನ್, 1174ರಲ್ಲಿ ರಾಜನಾದಾಗ ಅವಳು ಆಸ್ಥಾನಕ್ಕೆ ಮರಳಿ ಬಹಳ ಪ್ರಭಾವ ಬೀರಿದಳು: ರಾಜಮಾತೆ ಹೌದು, ರಾಣಿ ಎಂದೂ ಅಲ್ಲ. (ಆ ಸಭೆಯನ್ನು ‘ಹೈಕೋರ್ಟ್’ ಎಂದು ಅಕ್ಷರಶಃ ಇಳಿಸಿದರೆ ಕರಿಕೋಟಿನ ವಕೀಲರು ಕಾಣಿಸಿಕೊಳ್ಳುತ್ತಾರೆ, ದಯವಿಟ್ಟು ಬೇಡ.)

ಥಿಯೊಡೋರಳಿಗೆ ವೈಧವ್ಯದಲ್ಲಿ ಏಕರ್ ನಗರವೂ, ಅಮಾಲ್ರಿಕನ ಎರಡನೆಯ ಹೆಂಡತಿ ಮರಿಯಾ ಕೊಮ್ನೇನಳಿಗೆ ನಾಬ್ಲಸ್ಸೂ ಗಂಡನ ಕಡೆಯಿಂದ ಬಂದಿದ್ದವು. ಇದನ್ನು ‘ವರದಕ್ಷಿಣೆ’ ಅಥವಾ ‘ಬಳುವಳಿ’ ಎಂದು ಬರೆದರೆ ದಿಕ್ಕೇ ತಪ್ಪುತ್ತದೆ, ಏಕೆಂದರೆ ಬಳುವಳಿ ತವರಿನದು. ‘ಜೀವನಾಂಶ’ಕ್ಕೆ ಈಗ ನ್ಯಾಯಾಲಯದ ವಾಸನೆ ಬಂದಿದೆ. ಊರನ್ನೋ ಭೂಮಿಯನ್ನೋ ಬಾಳಿಗೆ ಬಿಟ್ಟುಕೊಡುವ ಅರ್ಥದಲ್ಲಿ ‘ಉಂಬಳಿ’ ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ.

ಎಳೆಯ ಅರಸನ ಪರವಾಗಿ ಆಳುವವರಿಗೆ ಮೈಸೂರಿನ ಚರಿತ್ರೆಯಿಂದ ‘ರೀಜೆಂಟ್’ ಎಂಬ ಪದ ನಮಗೆ ಬಳಕೆಯಾಗಿದೆ. ವಾಣಿವಿಲಾಸ ಸನ್ನಿಧಾನದವರನ್ನು ಹಾಗೆಯೇ ಕರೆಯುತ್ತೇವೆ. ಅದನ್ನೇ ಉಳಿಸಿಕೊಳ್ಳಬಹುದು. ಅದು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಫ್ರೆಡರಿಕನಿಗೆ. ಅವನು 1225ರಲ್ಲಿ ಜೆರುಸಲೇಮಿನ ರಾಣಿ ಎರಡನೆಯ ಇಸಬೆಲ್ಲಳನ್ನು ಬ್ರಿಂಡಿಸಿಯಲ್ಲಿ ಮದುವೆಯಾದ ಕೂಡಲೇ ಮಾವ ಜಾನ್ ಬ್ರಿಯೆನನಿಂದ ರಾಜಪದವಿಯನ್ನು ಕಿತ್ತುಕೊಂಡ. ಜಾನನ ಹೆಂಡತಿ, ಆಳುವ ಹಕ್ಕಿದ್ದ ಇನ್ನೊಬ್ಬ ಮರಿಯಾ, 1212ರಲ್ಲೇ ಸತ್ತು, ಅವನು ಅಷ್ಟು ವರ್ಷ ಮಗಳ ಹೆಸರಿನಲ್ಲಿ ಆಳುತ್ತಿದ್ದ. ಇಸಬೆಲ್ಲ 1228ರಲ್ಲಿ ಮಗ ಕಾನ್ರಾಡನನ್ನು ಹೆತ್ತು ತೀರಿಕೊಂಡಳು. ಆಗಿನಿಂದ ಹಕ್ಕು ಮಗುವಿನದು, ಫ್ರೆಡರಿಕ್ ನ್ಯಾಯವಾಗಿ ರೀಜೆಂಟ್ ಮಾತ್ರ. ಆದರೂ ಅವನು 1229ರ ಮಾರ್ಚ್ 18ರಂದು ಪವಿತ್ರ ಸಮಾಧಿಯ ಚರ್ಚಿನಲ್ಲಿ ಕಿರೀಟ ಧರಿಸಿದ.

ಕೊನೆಯದಾಗಿ, ನಾನು ಮೇಲೆ ಸೂಚಿಸಿದ ಯಾವ ಪದಕ್ಕೂ ಸಿಗದ ಒಬ್ಬನಿದ್ದಾನೆ. ಸಿಬಿಲ್ಲಳ ಮಲತಂಗಿ ಒಂದನೆಯ ಇಸಬೆಲ್ಲ ನಾಲ್ಕು ಮದುವೆಯಾದವಳು. ಹನ್ನೊಂದರ ವಯಸ್ಸಿನಲ್ಲಿ ಹಂಫ್ರಿ ಎಂಬ ಸಾಮಂತನೊಂದಿಗೆ ಆದ ಮದುವೆಯನ್ನು ರಾಜ್ಯದ ಹಿತದ ಹೆಸರಿನಲ್ಲಿ ಮುರಿದು ಅವಳನ್ನು ಕಾನ್ರಾಡನಿಗೆ ಕೊಟ್ಟರು. 1192ರ ಏಪ್ರಿಲ್ 28ರಂದು ಅವನ ಕೊಲೆಯಾಯಿತು. ಕೆಲವೇ ದಿನಗಳಲ್ಲಿ, ಅವಳು ಗರ್ಭಿಣಿಯಾಗಿರುವಾಗಲೇ, ಹೆನ್ರಿ ಶಾಂಪೇನನೊಂದಿಗೆ ಮದುವೆ ನಡೆಯಿತು. 1197ರಲ್ಲಿ ಏಕರಿನ ಕಿಟಕಿಯಿಂದ ಬಿದ್ದು ಸಾಯುವವರೆಗೆ ಹೆನ್ರಿ ಆ ರಾಜ್ಯವನ್ನು ಆಳಿದ, ಆದರೆ ಒಮ್ಮೆಯೂ ಕಿರೀಟ ಧರಿಸಲಿಲ್ಲ. ರಾಣಿಯ ಗಂಡ, ಆಡಳಿತ ಅವನದು, ಪಟ್ಟ ಇಲ್ಲ. ರೀಜೆಂಟ್ ಎನ್ನೋಣವೆಂದರೆ ರಾಣಿ ಎಳೆಯವಳಲ್ಲ, ಪತ್ನೀಹಕ್ಕಿನ ರಾಜ ಎನ್ನೋಣವೆಂದರೆ ಅವನು ರಾಜನೇ ಅಲ್ಲ. ‘ಒಡೆಯ’ ಎಂದು ಬರೆಯಬಹುದೆಂದು ನನಗೆ ತೋರುತ್ತದೆ, ಆದರೆ ಮೈಸೂರಿನ ಒಡೆಯರು ಸಿಂಹಾಸನವೇರಿದ ಅರಸರಾಗಿದ್ದುದರಿಂದ ಆ ಪದ ನಮ್ಮಲ್ಲಿ ಪಟ್ಟವಿಲ್ಲದವನನ್ನು ಸೂಚಿಸಬಲ್ಲದೇ ಎಂಬುದನ್ನು ತಿಳಿದವರು ಹೇಳಬೇಕು.