ರೂಬೆನ್ ರಾದಾ ಅವರ ಸಂಗೀತದಲ್ಲಿ ಕಾಂದೊಂಬೆಯ ಪಾಲು ಎಷ್ಟು?

ಪ್ರಶ್ನೆ:
ಉರುಗ್ವೆಯ ಆಫ್ರಿಕನ್ ಮೂಲದ ಗಾಯಕ ರೂಬೆನ್ ರಾದಾ (ಜನನ 1943, ಮಾಂಟೆವಿಡಿಯೊ) ಅವರ ಹಾಡುಗಳನ್ನು ಈಚೆಗೆ ಕೇಳತೊಡಗಿದ್ದೇನೆ. ಎಲೆಕ್ಟ್ರಿಕ್ ಗಿಟಾರಿನ ನಡುವೆಯೂ ಬೀದಿಯ ಡೋಲಿನ ನಡೆಯೊಂದು ಕೇಳಿಸುತ್ತದೆ. ಅದನ್ನು ಗುರುತಿಸುವುದು ಹೇಗೆ?

ಉತ್ತರ 1:
ನೀವು ಕೇಳಿದ್ದು ಕಾಂದೊಂಬೆ, ಉರುಗ್ವೆಯ ಆಫ್ರಿಕನ್ ಮೂಲದವರ ಡೋಲಿನ ಸಂಗೀತ. ಅದರಲ್ಲಿ ಚೀಕೊ, ರೆಪೀಕೆ, ಪಿಯಾನೊ ಎಂಬ ಮೂರು ಡೋಲುಗಳಿವೆ. ಇಲ್ಲಿ ಪಿಯಾನೊ ಎಂದರೆ ಮಂದ್ರ ಸ್ವರದ ದೊಡ್ಡ ಡೋಲು. ಹೆಗಲಿಗೆ ತೂಗುಹಾಕಿಕೊಂಡು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬರಿಗೈ ಬಳಸಿ ನುಡಿಸುತ್ತಾರೆ. ಮೆರವಣಿಗೆ ಹೊರಡುವ ಮುನ್ನ ಬೀದಿಯಲ್ಲಿ ಬೆಂಕಿ ಹಾಕಿ, ಚರ್ಮವನ್ನು ಕಾಯಿಸಿ ಬಿಗಿಗೊಳಿಸುತ್ತಾರೆ. ಮೊದಲು ಚೀಕೊವನ್ನು ಹಿಡಿಯಿರಿ: ಮಾತ್ರೆಯ ನಾಲ್ಕು ಭಾಗಗಳಲ್ಲಿ ಮೊದಲನೆಯದನ್ನು ಖಾಲಿ ಬಿಟ್ಟು ಉಳಿದ ಮೂರನ್ನು ಅದು ನುಡಿಸುತ್ತದೆ. ಆ ಖಾಲಿ ಜಾಗ ಕಿವಿಗೆ ಸಿಕ್ಕಿದರೆ ಉಳಿದದ್ದೆಲ್ಲ ತಾನಾಗಿ ತೆರೆದುಕೊಳ್ಳುತ್ತದೆ.

ಉತ್ತರ 2:
1960ರ ದಶಕದ ಕೊನೆಯಲ್ಲಿ ಗಾಯಕ ಎದುವಾರ್ದೊ ಮತೇವೊ ಅವರೊಡನೆ ರಾದಾ ಇದ್ದ ಎಲ್ ಕಿಂತೊ ತಂಡವು ಈ ಲಯವನ್ನು ರಾಕ್ ಮತ್ತು ಬ್ರೆಜಿಲ್‌ನ ಬೊಸಾನೋವಾ ಸಂಗೀತಗಳೊಂದಿಗೆ ಬೆಸೆಯಿತು. ಆಮೇಲೆ ರಾದಾ ಅವರ ತೋತೆಮ್ ತಂಡ ಬಂತು. ಅಮೆರಿಕದಲ್ಲಿದ್ದ ಫತ್ತೊರುಸೊ ಸಹೋದರರ ಓಪಾ ತಂಡದಲ್ಲಿ ಈ ಲಯ ಜಾಝ್‌ನತ್ತ ಹೊರಳಿತು. ನನ್ನ ಮಟ್ಟಿಗೆ ತೋತೆಮ್‌ನ 1971ರ ಧ್ವನಿಮುದ್ರಿಕೆಯೇ ಪ್ರವೇಶಕ್ಕೆ ಸರಿಯಾದ ಬಾಗಿಲು, ಏಕೆಂದರೆ ಅಲ್ಲಿ ಡೋಲಿನ ನಡೆಯೇ ಹಾಡನ್ನು ಹೊತ್ತು ನಡೆಯುತ್ತದೆ.

ಉತ್ತರ 3:
ಒಂದು ಮಾತು ಸೇರಿಸಬೇಕು. ಈ ಲಯವು ಗುಲಾಮರಾಗಿ ತರಲ್ಪಟ್ಟವರ ವಂಶಜರದ್ದು. ಅವರು ಒಟ್ಟಾಗಿ ಬಾಳಿದ ಮಾಂಟೆವಿಡಿಯೊದ ಮೆದಿಯೊಮುಂದೊ ವಠಾರವನ್ನು ಸೈನಿಕ ಆಡಳಿತವು 1978ರಲ್ಲಿ ತೆರವುಗೊಳಿಸಿ ಕೆಡವಿತು. ಕಾಂದೊಂಬೆಗೆ ಯುನೆಸ್ಕೊ ಮನ್ನಣೆ ದೊರೆತದ್ದು 2009ರಲ್ಲಿ.